ನಲವತ್ತರ ಬಾಣಂತಿಯಿಂದ ಕಂಪನಿಗಳಿಗೆ ಬಹಿರಂಗ ಪತ್ರ

ಬೆಂಗಳೂರಿನ ಹೆಬ್ಬಾಳ, ನಾಗವಾರ, ಥಣಿಸಂದ್ರ, ಯಲಹಂಕದ ಸುತ್ತ ಕಚೇರಿ ಇಟ್ಟುಕೊಂಡಿರುವ ಕಂಪನಿಗಳ ಯಜಮಾನರೇ,

ಹೆಣ್ಣುಮಕ್ಕಳ ಅಂಡಾಣುಗಳನ್ನು ತೆಗೆಸಿ ಶೈತ್ಯೀಕರಿಸಿ ಇಡುವ ಖರ್ಚನ್ನು ಕಂಪನಿಯೇ ಕೊಡುತ್ತದೆಂದು ಅಮೆರಿಕದಲ್ಲಿ ಫೇಸ್‌ಬುಕ್ ಮತ್ತು ಆಪಲ್ 2014ರಲ್ಲಿ ಸಾರಿದವು. ಆ ರೂಢಿ ಈಗ ನಮ್ಮ ದೇಶದ ಕೆಲವು ಕಂಪನಿಗಳಿಗೂ ಬಂದಿದೆ. ನಿಮ್ಮಲ್ಲಿ ಅದನ್ನು ಕೊಡುತ್ತಿರುವವರಿಗೆ, ಕೊಡಬೇಕೆಂದು ಯೋಚಿಸುತ್ತಿರುವವರಿಗೆ ಈ ಪತ್ರ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇಪ್ಪತ್ತೆಂಟರ ಹುಡುಗಿಗೆ ಅದು ಕೇಳಿಸುವುದು ಹೀಗೆ: ಈಗ ಬೇಡ, ಆಮೇಲೆ ನೋಡಿಕೊಳ್ಳೋಣ. ನಾನು ಮೊದಲ ಮಗು ಹೆತ್ತದ್ದು ನಲವತ್ತರಲ್ಲಿ. ಆ 'ಆಮೇಲೆ' ಹೇಗಿರುತ್ತದೆಂದು ಹೇಳುವ ಹಕ್ಕು ನನಗಿದೆ.

ಮೊದಲಿಗೆ, ನನಗೆ ದುಃಖವಿಲ್ಲ. ಮೂವತ್ತರಲ್ಲಿ ನನ್ನಲ್ಲಿ ಇಲ್ಲದ ತಾಳ್ಮೆ ಈಗ ಇದೆ. ಮನೆಸಾಲ ಅರ್ಧ ತೀರಿದೆ. ಮಗಳು ಅತ್ತರೆ ಗಾಬರಿಯಾಗುವುದಿಲ್ಲ. ತಡವಾಗಿ ತಾಯಿಯಾದವರನ್ನು ಕಂಡು ಮರುಗುವ ಮಂದಿಯ ಮರುಕ ನನಗೆ ಬೇಡ. ನನಗೆ ಬೇಕಿದ್ದದ್ದು ನಿಜವಾದ ಲೆಕ್ಕ, ಅದೂ ಮೊದಲೇ.

ಹೆಣ್ಣುಮಗು ತನ್ನ ಜೀವಮಾನದ ಅಂಡಾಣುಗಳನ್ನೆಲ್ಲ ಹುಟ್ಟುವಾಗಲೇ ಹೊತ್ತು ತಂದಿರುತ್ತದೆ, ಸುಮಾರು 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ ಉಳಿಯುವುದು 3-4 ಲಕ್ಷ. ಮೂವತ್ತೈದು ದಾಟಿದ ಮೇಲೆ ಅವುಗಳ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತವೆ. ನಲವತ್ತರ ಬಸುರಿಯರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಗರ್ಭ ನಿಲ್ಲುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ ತಾಯಿಗೆ 25 ಇದ್ದಾಗ ಸುಮಾರು 1,250ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಅದು ಇರುವುದಿಲ್ಲ ಎಂಬುದೂ ಅದೇ ಲೆಕ್ಕ. ಆದರೂ ಸ್ಕ್ಯಾನಿಂಗ್ ಆಗಿ ರಕ್ತಪರೀಕ್ಷೆಯ ವರದಿ ಬರುವವರೆಗಿನ ದಿನಗಳನ್ನು ನಾನು ಮರೆಯಲಾರೆ. ಡೌನ್ ಇರುವ ಮಗು ಯಾರಿಗೂ ಬೇಡದ ಮಗುವಲ್ಲ. ಅದಕ್ಕೆ ಅಪ್ಪ-ಅಮ್ಮ ಬೇರೆ ಮಕ್ಕಳಿಗಿಂತ ಹೆಚ್ಚು ವರ್ಷ ಬೇಕು, ಮತ್ತು ತಡವಾಗಿ ಹೆತ್ತವರ ಕೈಯಲ್ಲಿ ಇಲ್ಲದ್ದು ಆ ವರ್ಷಗಳೇ. ವರದಿಗಾಗಿ ಕಾಯುವಾಗ ನನ್ನನ್ನು ಹಿಂಡಿದ್ದು ಈ ಯೋಚನೆ.

ಗಂಡಸರ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಅಪ್ಪನಿಗೆ ಒಂದು ವರ್ಷ ಹೆಚ್ಚಾದಂತೆ ಮಗುವಿಗೆ ದಾಟುವ ಹೊಸ ಜೀನ್ ಬದಲಾವಣೆಗಳ ಸಂಖ್ಯೆ ಸುಮಾರು ಎರಡು ಹೆಚ್ಚುತ್ತದೆಂದು ಐಸ್‌ಲ್ಯಾಂಡಿನ ವಿಜ್ಞಾನಿಗಳು 2012ರಲ್ಲೇ ತೋರಿಸಿದರು. ಅವುಗಳಲ್ಲಿ ಬಹುಪಾಲು ಏನೂ ಕೆಡುಕು ಮಾಡುವುದಿಲ್ಲ. ಆದರೂ 'ವಯಸ್ಸಾಯಿತು' ಎಂಬ ಮಾತು ನಮ್ಮ ಮನೆಗಳಲ್ಲಿ ಸೊಸೆಗೆ ಮಾತ್ರ ಹೇಳುವುದು ಅನ್ಯಾಯ.

ಇನ್ನು ನಿಮ್ಮ ಸವಲತ್ತಿನ ವಿಷಯ. ಹತ್ತು-ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು, ಅರಿವಳಿಕೆ ತೆಗೆದುಕೊಂಡು ತೆಗೆಸುವ ಅಂಡಾಣುಗಳು ಮಗು ಕೊಡುವ ಭರವಸೆಯಲ್ಲ. ಕರಗಿಸುವಾಗ ಕೆಲವು ಹೋಗುತ್ತವೆ, ಫಲ ಕಟ್ಟುವಾಗ ಕೆಲವು, ಗರ್ಭದಲ್ಲಿ ನೆಲೆಯೂರುವಾಗ ಇನ್ನಷ್ಟು. ಶೀತದಲ್ಲಿ ನಿಲ್ಲುವುದು ಅಂಡಾಣುವಿನ ವಯಸ್ಸು ಮಾತ್ರ. ಹೊರುವವಳ ಬಿಪಿ, ಸಕ್ಕರೆ, ಸಿಸೇರಿಯನ್ ಸಂಭವಗಳು ಅವಳ ವಯಸ್ಸಿನ ಜೊತೆಗೇ ಏರುತ್ತವೆ. ಕಾನೂನಿಗೂ ಒಂದು ಗಡಿಯಾರವಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಐವಿಎಫ್‌ನಂಥ ಚಿಕಿತ್ಸೆ ಹೆಂಗಸಿಗೆ 50, ಗಂಡಸಿಗೆ 55ರ ಒಳಗೆ ಆಗಬೇಕು. 2019ರಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಅವಳಿ ಹೆತ್ತ ಸುದ್ದಿ ಓದಿದವರಿಗೆ ಆ ಮಿತಿ ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಆಗದಿದ್ದರೆ ದತ್ತು ತೆಗೆದುಕೊಂಡರಾಯಿತು ಎನ್ನುವವರಿಗೆ ಇನ್ನೊಂದು ಮಾತು: ಗಂಡ-ಹೆಂಡತಿಯ ವಯಸ್ಸು ಕೂಡಿಸಿದರೆ 85 ದಾಟುವುದಾದರೆ ಎರಡು ವರ್ಷದೊಳಗಿನ ಕೂಸನ್ನು ಅವರಿಗೆ ಕೊಡುವುದಿಲ್ಲ. ಇಬ್ಬರಿಗೂ ನಲವತ್ತಮೂರಾದರೆ ಆ ಬಾಗಿಲು ಮುಚ್ಚಿತು.

ಆದರೆ ತಡವಾಗುವುದರ ದೊಡ್ಡ ನಷ್ಟವನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಲ್ಲ, ಬಾಣಂತನದಲ್ಲಿ. ನನ್ನಮ್ಮ ಮೊದಲು ಅಜ್ಜಿಯಾದದ್ದು ಐವತ್ತಕ್ಕೆ, ಅಕ್ಕನ ಮಗ ಹುಟ್ಟಿದಾಗ. ಗೌರಿಬಿದನೂರಿನ ಮನೆಯಲ್ಲಿ ಅಕ್ಕನಿಗೆ ಐದು ತಿಂಗಳ ಬಾಣಂತನ ನಡೆಯಿತು. ಕಾಯಿಸಿದ ಎಣ್ಣೆ ಹಚ್ಚಿ ಹಂಡೆನೀರು ಎರೆದದ್ದು, ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ನೀರು ಹಾಕಿದ್ದು, ಸಾಂಬ್ರಾಣಿ ಹೊಗೆ ಹಿಡಿದದ್ದು, ಮೆಣಸಿನ ಸಾರು ಕುದಿಸಿದ್ದು, ಅಂಟಿನುಂಡೆ ಕಟ್ಟಿದ್ದು ಎಲ್ಲ ಅಮ್ಮನೇ. ರಾತ್ರಿ ಕೂಸು ಅತ್ತರೆ ಮೊದಲು ಏಳುತ್ತಿದ್ದವಳೂ ಅವಳೇ. ನನ್ನ ಸರದಿ ಬಂದಾಗ ಅಮ್ಮನಿಗೆ ಅರವತ್ತೊಂಬತ್ತು. ನನಗೆ ಬಿಪಿ ಇದೆಯೆಂದು ಡಾಕ್ಟರು ತವರಿಗೆ ಕಳಿಸಲಿಲ್ಲ, ಅಮ್ಮನೇ ಯಲಹಂಕಕ್ಕೆ ಬಂದಳು. ನೆಲಕ್ಕೆ ಕೂತರೆ ಅವಳ ಮಂಡಿ ಏಳಗೊಡುತ್ತಿರಲಿಲ್ಲ. ಎಣ್ಣೆನೀರಿಗೆ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಗೊತ್ತುಮಾಡಿದೆವು. ಆಕೆ ಒಳ್ಳೆಯವಳು, ಕೈ ಹದವಾಗಿತ್ತು. ಅಮ್ಮ ಬಚ್ಚಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೀರು ಬಿಸಿಯಾಯಿತು, ಕಿವಿಗೆ ಹೋಗದಂತೆ ನೋಡು ಎಂದು ಹೇಳಿಕೊಡುತ್ತ ಕೂತಿರುತ್ತಿದ್ದಳು. ಆ ತಿಂಗಳುಗಳಲ್ಲೇ ಮಾವನವರಿಗೆ ಪಾರ್ಶ್ವವಾಯು ಹೊಡೆಯಿತು. ಮಗಳ ಲಸಿಕೆಯ ಕಾರ್ಡು, ಅವರ ಫಿಸಿಯೋಥೆರಪಿ ಚೀಟಿ ಎರಡನ್ನೂ ಒಂದೇ ಕೈಚೀಲದಲ್ಲಿಟ್ಟುಕೊಂಡು ಓಡಾಡಿದೆ. ಯಾವ ಶೀತಪೆಟ್ಟಿಗೆಯೂ ಅಜ್ಜಿಯ ಮಂಡಿಯನ್ನು ಮೂವತ್ತು ವರ್ಷ ಹಾಗೇ ಇಡುವುದಿಲ್ಲ.

ಹಾಗಾದರೆ ಯಾಕೆ ತಡಮಾಡಿದಿರಿ ಎಂದು ಕೇಳಿ. ಉತ್ತರ ನಿಮ್ಮ ಅಕ್ಕಪಕ್ಕದಲ್ಲೇ ಇದೆ. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್, 1984ರಲ್ಲಿ ಯಲಹಂಕಕ್ಕೆ ರೈಲು ಗಾಲಿ ಕಾರ್ಖಾನೆ. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಗಡಿಯಾರ ಜೋಡಿಸುತ್ತಿದ್ದರು. ಅಂಥ ಕಾರ್ಖಾನೆಗಳಲ್ಲಿ ಇಪ್ಪತ್ತೆರಡಕ್ಕೆ ಕೆಲಸ ಸಿಕ್ಕರೆ ಅದು ಕಾಯಂ ಕೆಲಸ. ಎಲ್ಲರಿಗೂ ಕ್ವಾರ್ಟರ್ಸ್ ಸಿಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಕಾಲೊನಿಯಲ್ಲಿ ಆಸ್ಪತ್ರೆ, ಶಾಲೆ ಇದ್ದವು, ಶಿಫ್ಟ್ ಮುಗಿಯುವ ಹೊತ್ತು ಎಲ್ಲರಿಗೂ ಗೊತ್ತಿತ್ತು. ಇಂದು ಅದೇ ಊರಿನಲ್ಲಿ ಕೆಲಸ ನಾಳೆ ಇರುತ್ತದೋ ಇಲ್ಲವೋ, ಸಾಲ ಇಪ್ಪತ್ತು ವರ್ಷದ್ದು. ಅಮೆರಿಕದ ಹಗಲಿಗೆ ಹೊಂದಿಸಿದ ಮೀಟಿಂಗ್ ಮುಗಿಸಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಮನೆ ಸೇರುವಾಗ ಕೂಸು ಮಲಗಿರುತ್ತದೆ. ಇದನ್ನೆಲ್ಲ ನೋಡಿದ ಹುಡುಗಿ ಮಗುವನ್ನು ಮುಂದೂಡಿದರೆ ಅದು ಅವಳ ಹಟವೂ ಅಲ್ಲ, ಸ್ವಾರ್ಥವೂ ಅಲ್ಲ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆ ಅಂಕಿಯ ಹಿಂದೆ ಇಂಥ ಮನೆಗಳೂ ಇವೆ.

ಆದ್ದರಿಂದ ನಾನು ಮೊದಲು ಕೇಳುವುದು ನೀವು ಈಗಾಗಲೇ ಕೊಡಬೇಕಾದದ್ದನ್ನೇ. ಐವತ್ತು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದು ಎಂದು 2017ರಲ್ಲೇ ಕಾನೂನಾಯಿತು. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳು ತೆರೆದವು. ಪಂಚಾಯಿತಿಯ ಕೈಲಾದದ್ದು ಗಾಜಿನ ಕಟ್ಟಡಕ್ಕೆ ಆಗದೆ ಇರುತ್ತದೆಯೇ? ಕೇಂದ್ರ ಸರ್ಕಾರದ ನೌಕರನಿಗೆ ಅಪ್ಪನಾದಾಗ 15 ದಿನ ರಜೆ ಇದೆ, ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ. ಕಾನೂನು ಬರುವ ತನಕ ಕಾಯದೆ ಒಂದು ತಿಂಗಳು ಕೊಡಿ, ತೆಗೆದುಕೊಂಡವನ ಬಡ್ತಿ ಕೆಡಿಸಬೇಡಿ. ಹೆರಿಗೆ ರಜೆಯಿಂದ ಬಂದವಳಿಗೆ ಅವಳು ಬಿಟ್ಟುಹೋದ ಕೆಲಸವನ್ನೇ ಕೊಡಿ.

ಅಂಡಾಣು ಇಡುವ ಸವಲತ್ತನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಹೊರಟವಳಿಗೆ, ಜೊತೆಗಾರ ಇನ್ನೂ ಸಿಗದವಳಿಗೆ ಅದು ದೊಡ್ಡ ಆಸರೆ. ಆದರೆ ಅದರ ಬಗ್ಗೆ ಸಭೆ ಕರೆದಾಗ ಮೇಲಿನ ಅಂಕಿಗಳನ್ನೂ ಹೇಳಿಸಿ, ಗಂಡಸರನ್ನೂ ಕೂರಿಸಿ. ಇಪ್ಪತ್ತೇಳಕ್ಕೇ ಮಗು ಬೇಕೆನ್ನುವವಳು ಅಲ್ಲಿ ಕೈಯೆತ್ತಿ ಕೇಳಿದರೆ, ಕೂಸಿನ ಕೋಣೆ ಯಾವ ಮಹಡಿಯಲ್ಲಿದೆ, ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಅಲ್ಲೇ ಉತ್ತರ ಕೊಡಿ.

ಇಂತಿ,
ಯಲಹಂಕದ ಒಬ್ಬ ತಾಯಿ