ತಲೆಗೆ ಎಣ್ಣೆ ಏರದ ಬುಲೆಟ್ಟು

ವೈ.ಎನ್.ಹೊಸಕೋಟೆಯ ಬೀದಿಯಲ್ಲಿ ಹಳೇ ಬುಲೆಟ್ ಒಂದರ ತಲೆ ಕಟಕಟ ಅಂದರೆ ಸಾಕು, ವೈದ್ಯರಿಗೆ ಹೇಳಿ ಕಳಿಸಬೇಕಾಗಿಲ್ಲ. ಅವರೇ ಬಂದು ಸೇರುತ್ತಾರೆ. ಮಗ್ಗ ಬಿಟ್ಟು ಎದ್ದು ಬಂದವರೊಬ್ಬರು, ಕಡ್ಲೆಕಾಯಿ ಮೂಟೆ ಇಳಿಸಿ ಬೀಡಿ ಹಚ್ಚಿದವರೊಬ್ಬರು, ಕಲ್ಯಾಣದುರ್ಗದ ಬಸ್ಸಿಗೆ ಕಾಯುತ್ತಾ ಬೇಜಾರಾದವರೊಬ್ಬರು. ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ ಇರುವುದರಿಂದ ತಪಾಸಣೆ ಅರ್ಧ ಕನ್ನಡ, ಅರ್ಧ ತೆಲುಗು. ಬೈಗುಳಕ್ಕೆ ಎರಡೂ.

ರೋಗಿ ನಮ್ಮ ಭಾವನವರದ್ದು. ಅವರ ತಂದೆ ಓಡಿಸಿದ 350 ಸಿಸಿ ಬುಲೆಟ್ಟನ್ನು ಗುಜರಿಯವನ ಬಾಯಿಂದ ಬಿಡಿಸಿ ಹೊಸದು ಮಾಡಿಸಿದ್ದಾರೆ. ಮಡ್‌ಗಾರ್ಡಿಗೆ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್. ಟ್ಯಾಂಕಿನ ಗೆರೆಯ ಬಣ್ಣ ಸರಿಹೊಂದಲಿ ಅಂತ ಮಗ್ಗದ ಮನೆಯಿಂದ ಜರಿಯ ತುಂಡು ಇಸಕೊಂಡು ಹೋಗಿ ಪೇಂಟರ್ ಮುಂದೆ ಹಿಡಿದವರು ಅವರು. ಇಷ್ಟೆಲ್ಲ ಸಿಂಗಾರ ಆದಮೇಲೆ ತಿಳಿದದ್ದು ಏನೆಂದರೆ, ಮೇಲೆ ವಾಲ್ವ್ ಒತ್ತುವ ರಾಕರ್‌ಗಳಿಗೆ ಎಣ್ಣೆಯೇ ಹೋಗುತ್ತಿಲ್ಲ. ಊರವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? "ಎಣ್ಣೆ ಏರದೇ ಇರೋದು ಈ ಊರಲ್ಲಿ ನಿನ್ನ ಗಾಡಿಗೆ ಮಾತ್ರ ನೋಡಯ್ಯ!"

ಮೊದಲ ವೈದ್ಯರ ಚಿಕಿತ್ಸೆ ಸರಳ: ಎಣ್ಣೆ ಕಮ್ಮಿ, ಇನ್ನಷ್ಟು ಸುರಿ. ಕಡ್ಡಿ ಅದ್ದಿ ನೋಡಿದರೆ ನಿಜವಾಗಿಯೂ ಕಮ್ಮಿಯೇ. ಮೋಸ ಇರುವುದೇ ಅಲ್ಲಿ. ಹಳೇ ಬುಲೆಟ್ಟಿನಲ್ಲಿ ಎಣ್ಣೆ ತೊಟ್ಟಿ ಬೇರೆ, ಕ್ರ್ಯಾಂಕ್ ತಿರುಗುವ ಕೋಣೆ ಬೇರೆ. ಎರಡೂ ಒಂದೇ ಎರಕದೊಳಗೆ ಗೋಡೆ ಹಂಚಿಕೊಂಡು ಕೂತಿವೆ. ಕ್ರ್ಯಾಂಕಿನ ತುದಿಯ ವರ್ಮ್ ಗೇರು ಎರಡು ಪಂಪುಗಳನ್ನು ಆಡಿಸುತ್ತದೆ. ಒಂದು ತೊಟ್ಟಿಯಿಂದ ಎತ್ತಿ ಕ್ರ್ಯಾಂಕಿನ ಬಿಗ್ ಎಂಡ್ ಬೇರಿಂಗಿಗೆ ಬಡಿಸುತ್ತದೆ, ಇನ್ನೊಂದು ಕೆಳಗೆ ಸುರಿದದ್ದನ್ನು ಬಳಿದು ವಾಪಸು ಕಳಿಸುತ್ತದೆ. ಬಳಿಯುವ ಪಂಪು ಬಡಿಸುವುದಕ್ಕಿಂತ ದೊಡ್ಡದು, ಇಲ್ಲದಿದ್ದರೆ ಕೋಣೆ ತುಂಬಿ ಕೂರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಎಣ್ಣೆ ಪಂಪಿನ ಸಂದಿಯಲ್ಲೇ ಜಿನುಗಿ ಕೋಣೆಗೆ ಇಳಿಯುತ್ತದೆ. ಕಡ್ಡಿ ಹಿಡಿದವನಿಗೆ ತೊಟ್ಟಿ ಬರಿದು, ಅವನು ಸುರಿಯುತ್ತಾನೆ. ಎಂಜಿನ್ ಎದ್ದಮೇಲೆ ಇಳಿದದ್ದೂ ಸುರಿದದ್ದೂ ಒಟ್ಟಾಗಿ, ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಹಿಂದಿನ ಟೈರಿಗೆ ಅಭ್ಯಂಜನ. ಒಂದಷ್ಟು ಹೊತ್ತು ಓಡಿಸಿ ಆಮೇಲೆ ಕಡ್ಡಿ ಅದ್ದಬೇಕು. ಇದನ್ನು ಹೇಳಿದರೆ ಭಾವ, "ಪುಸ್ತಕ ಓದಿ ಬಂದ್ಯಾ?" ಅಂದರು.

ಎರಡನೆಯವರು ಯೆಜ್ಡಿ ಪಂಥದವರು. ಯೆಜ್ಡಿ ತಯಾರಿಸುತ್ತಿದ್ದ, 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಇವರು ಇನ್ನೂ ಸೂತಕ ಆಚರಿಸುತ್ತಿದ್ದಾರೆ. ಪೆಟ್ರೋಲಿಗೇ ಎಣ್ಣೆ ಬೆರೆಸಿಬಿಟ್ಟರೆ ಪಂಪೂ ಇಲ್ಲ, ಪೈಪೂ ಇಲ್ಲ, ಈ ಪರದಾಟವೂ ಇಲ್ಲ ಅಂತ ಅವರ ವಾದ. ಮಾತು ನಿಜ. ಕುಡಿದದ್ದನ್ನೆಲ್ಲ ಹಿಂದಿನಿಂದ ಹೊಗೆಯಾಗಿ ಬಿಡುವ ಗಾಡಿಗೆ ಎಣ್ಣೆ ತಿರುಗಿಸುವ ತಾಪತ್ರಯವೆಲ್ಲಿಯದು!

ನನ್ನ ತಕರಾರು ಬೇರೆ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗಿನಿಂದ ಈ ಪಂಪಿನ ಏರ್ಪಾಡು ನಮ್ಮ ದೂಳು, ನಮ್ಮ ಬಿಸಿಲು ಎಲ್ಲವನ್ನೂ ಕಂಡಿದೆ. ಭಾವನ ತಂದೆಯ ಕಾಲದಲ್ಲಿ ಕೊಳಕು ಮುಕ್ಕಳಿಸುತ್ತಾ ಮಧುಗಿರಿ, ಶಿರಾ, ಕೊರಟಗೆರೆ ಸುತ್ತಿ ಬಂದ ಎಂಜಿನ್ನಿಗೆ ಎಣ್ಣೆ ನಿಂತದ್ದು ಯಾವಾಗ? ಅಂದ ಮಾಡಿಸಿದಾಗ. ಹೊರಮೈ ಬೆಳ್ಳಗಾಗಲೆಂದು ಮರಳು ಹೊಡೆಸುತ್ತಾರೆ. ಒಂದಿಷ್ಟು ಮರಳು ಎಣ್ಣೆ ದಾರಿಯೊಳಗೆ ಬಾಡಿಗೆಗೆ ಸೇರುತ್ತದೆ. ಹೊಸ ಪ್ಯಾಕಿಂಗ್ ಕತ್ತರಿಸುವವನು ಬೋಲ್ಟಿನ ತೂತು ನೆನಪಿಟ್ಟು ಎಣ್ಣೆಯ ತೂತು ಮರೆಯುತ್ತಾನೆ. ಇನ್ನು ಆ ಸಿಲಿಕಾನ್ ಪೇಸ್ಟು! ಸೋರಬಾರದೆಂದು ಪ್ರೀತಿಯಿಂದ ಒತ್ತಿದ್ದು ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಆ ಬಾಲ ಕಿತ್ತು ಪೈಪಿನ ಬಾಯಿಗೆ ಕೂತರೆ ಮುಗಿಯಿತು. ಎಚ್ಚರಿಸುವುದಕ್ಕೆ ಇದರಲ್ಲಿ ಎಣ್ಣೆ ದೀಪವೂ ಇಲ್ಲ. ಇರುವುದೊಂದು ಆಂಪಿಯರ್ ಮುಳ್ಳು. ಅದಕ್ಕೆ ಎಣ್ಣೆಯ ಗೊಡವೆಯೇ ಇಲ್ಲ.

ಕೊನೆಗೆ ಕೆಲಸಕ್ಕೆ ಬಂದವರು ಮಗ್ಗದವರು. ಅಷ್ಟು ಹೊತ್ತೂ ಒಂದು ಮಾತೂ ಆಡಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, "ಈಗ ಒದೀರಿ, ಹಗುರಾಗಿ ಬರುತ್ತೆ" ಅಂದರು. ಭಾವ ಒದ್ದರು. ಸಿಲಿಂಡರ್ ಪಕ್ಕದಿಂದ ರಾಕರ್‌ಗೆ ಏರುವ ಸಣ್ಣ ಪೈಪಿನ ತುದಿಯಲ್ಲಿ ಒಂದು ಟೊಳ್ಳು ಬೋಲ್ಟಿದೆ. ಅದನ್ನು ಸಡಿಲಿಸಿ, ಬೆರಳಿಟ್ಟು ನೋಡಿದರು. ಒಣಒಣ. ಪಂಪು ಬಿಚ್ಚಿದ ಎಂಜಿನ್ನಿನಲ್ಲಿ ಗಾಳಿ ತುಂಬಿಕೊಂಡಿರುತ್ತದೆ, ಅದು ಹೋಗುವ ತನಕ ಎಣ್ಣೆ ಬರುವುದಿಲ್ಲ ಅಂತ ಭಾವನ ಕಾಲಿಗೆ ಇನ್ನಷ್ಟು ಕೆಲಸ ಕೊಟ್ಟರು. ಆಮೇಲೂ ಒಣಗೇ ಇದ್ದಾಗ ಪೈಪು ಕಳಚಿ, ಒಂದು ತುದಿ ಬಾಯಿಗಿಟ್ಟು ಊದಿದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಬರಲಿಲ್ಲ. ಸಣ್ಣ ತಂತಿ ಆಡಿಸಿದಾಗ ಬಂದದ್ದು ಬೂದು ಬಣ್ಣದ ಪೇಸ್ಟಿನ ಎಳೆ. ಭಾವ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ ರೀತಿ ನೋಡಿದರೆ ಎಂಜಿನ್ ಕಟ್ಟಿದ ಮೆಕ್ಯಾನಿಕ್ ಆ ಹೊತ್ತಿಗೆ ಎದುರಿಗೆ ಇಲ್ಲದ್ದೇ ಒಳ್ಳೆಯದಾಯಿತು.

ಪೈಪೂ ಪ್ಲಗ್ಗೂ ಕೂರಿಸಿ ಸ್ಟಾರ್ಟ್ ಮಾಡಿದಾಗ ಬೋಲ್ಟಿನ ಬುಡದಲ್ಲಿ ಮೊದಲು ಗುಳ್ಳೆ, ಆಮೇಲೆ ಎಣ್ಣೆ. ಸೇರಿದವರಲ್ಲಿ ಪ್ರತಿಯೊಬ್ಬರೂ "ನಾನು ಆಗಲೇ ಹೇಳಿದ್ದೆ" ಅಂದರು. ಮಗ್ಗದವರು ಮಾತ್ರ, ಮೇಲೆ ಬಂತೆಂದ ಮಾತ್ರಕ್ಕೆ ಬಿಗ್ ಎಂಡಿಗೂ ತಲುಪಿದೆ ಅಂತ ಅಲ್ಲ, ಟೈಮಿಂಗ್ ಕವರ್ ಬಿಚ್ಚಿ ಅಲ್ಲಿನ ಪೇಸ್ಟೂ ನೋಡಿಸಿ ಅಂದರು. ಭಾವನಿಗೆ ಅದು ಕೇಳಿಸಲಿಲ್ಲ. ಸಡಿಲಿಸಿದ ಬೋಲ್ಟು ಬಿಗಿಯುವುದನ್ನು ಮರೆತು ಆಗಲೇ ಊರು ಸುತ್ತಲು ಹೊರಟಿದ್ದರು. ಸಂಜೆ ಗಾಡಿ ಮನೆ ಮುಂದೆ ನಿಂತಾಗ ಎಂಜಿನ್ ತುಂಬ ಎಣ್ಣೆ, ಕ್ರೋಮಿನ ಮೇಲೆ ಎಣ್ಣೆ, ಪ್ಯಾಂಟಿಗೂ ಎಣ್ಣೆ. ಅಕ್ಕ ಬಾಗಿಲಿಗೆ ಬಂದವಳೇ, "ರಂಗೋಲಿ ಜಾಗ ಬಿಟ್ಟು ನಿಲ್ಸಿ" ಅಂದು ಒಳಗೆ ಹೋದಳು.