ಎತ್ತಿದ ಕೈ

ಯಾವುದರಲ್ಲಾದರೂ ಪಳಗಿದವರನ್ನು ನಾವು ‘ಎತ್ತಿದ ಕೈ’ ಅನ್ನುತ್ತೇವೆ. ಅಡುಗೆಯಲ್ಲಿ ಎತ್ತಿದ ಕೈ, ಸಾಲ ಕೇಳುವುದರಲ್ಲಿ ಎತ್ತಿದ ಕೈ. ನಲವತ್ತೆಂಟು ತುಂಬಿದರೂ ನನಗೆ ಈ ಬಿರುದನ್ನು ಯಾರೂ ಕೊಟ್ಟಿರಲಿಲ್ಲ. ಈಗ ನಾನೇ ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ಆರೂವರೆಗೆ ಹಾರನಹಳ್ಳಿಯ ನಮ್ಮ ಮನೆಯ ಜಗಲಿ ಮೇಲೆ ನೀರು ತುಂಬಿದ ಚೊಂಬು ಹಿಡಿದು, ಬಲಗೈ ನೆಟ್ಟಗೆ ಚಾಚಿ ನಿಂತಿರುತ್ತೇನೆ.

ಮೊದಲ ದಿನ ಎದುರುಮನೆ ಅಜ್ಜಿ ಕಸ ಗುಡಿಸುತ್ತ ನಿಂತು, “ಯಾವ ದೇವ್ರಿಗಪ್ಪಾ ಹರಕೆ?” ಅಂದರು. “ಹರಕೆ ಅಲ್ಲಜ್ಜಿ, ಪಿಸ್ತೂಲಿಗೆ” ಅಂದೆ. ಅಜ್ಜಿ ಪೊರಕೆ ಸಮೇತ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಸಂಜೆಯೊಳಗೆ ಸುದ್ದಿ ಸೋಮೇಶ್ವರನ ಗುಡಿ ದಾಟಿ ಹೋಗಿತ್ತು. ನಾಡಿಗೆಲ್ಲ ಭವಿಷ್ಯ ಹೇಳುವ ಕೋಡಿಮಠ ನಮ್ಮೂರಿನದೇ. ಆದರೂ ನಾನು ಪಿಸ್ತೂಲು ಹಿಡಿದೇನು ಎಂದು ಯಾರೂ ಎಣಿಸಿರಲಿಲ್ಲ.

ಇದೆಲ್ಲ ಶುರುವಾದದ್ದು ಮಾಲೇಕಲ್ಲು ತಿರುಪತಿಯ ಜಾತ್ರೆಯಲ್ಲಿ. ಬಲೂನು ಹೊಡೆಯುವ ಅಂಗಡಿಯ ಮುಂದೆ ಅಕ್ಕನ ಮಗ ಹತ್ತಕ್ಕೆ ಎಂಟು ಹೊಡೆದ. ನಾನು ಕೆಂಪು ಬಲೂನಿಗೆ ಗುರಿಯಿಟ್ಟೆ, ಹಳದಿ ಒಡೆಯಿತು. ಚಪ್ಪಾಳೆಯೂ ಬಿತ್ತು. ಅಷ್ಟರಲ್ಲಿ ಅಂಗಡಿಯವನು, “ಅದು ಬಿಸಿಲಿಗೆ ಒಡೀತು ಸಾರ್, ನೀವಿನ್ನೂ ಹೊಡ್ದೇ ಇಲ್ಲ” ಅಂದ. ಆ ಅವಮಾನ ತೀರಿಸಿಕೊಳ್ಳಲು ಅಕ್ಕನ ಮಗನ ಬೆನ್ನುಬಿದ್ದು ಬೆಂಗಳೂರಿನ ಒಂದು ಶೂಟಿಂಗ್ ರೇಂಜಿಗೆ ಹೋದೆ.

ಅಲ್ಲಿ ಹತ್ತು ಮೀಟರ್ ದೂರದಲ್ಲಿ ಒಂದು ಬಿಳಿ ಹಾಳೆ. ನಡುವಿನ ಕಪ್ಪು ವೃತ್ತ ಹೆಚ್ಚುಕಮ್ಮಿ ಆರು ಸೆಂಟಿಮೀಟರ್, ಒಂದು ನಿಪ್ಪಟ್ಟಿನಷ್ಟು. ಹತ್ತು ಅಂಕದ ಮನೆ 11.5 ಮಿಲಿಮೀಟರ್, ಅಂಗಿ ಗುಂಡಿಯಷ್ಟು. ಹಾರುವ ಗುಂಡು 4.5 ಮಿಲಿಮೀಟರಿನದು, ತೊಗರಿಬೇಳೆಯ ತಮ್ಮ. ಹಿಡಿಯಲು ಒಂದೇ ಕೈ. ಇನ್ನೊಂದನ್ನು ಜೇಬಿಗೆ ಹಾಕಿಕೊಳ್ಳುವುದು ರೂಢಿ. “ಜೇಬಲ್ಲಿ ಕೈ ಇಟ್ಕೊಂಡು ನಿಲ್ಲೋದು ಕಲಿಯೋಕೆ ಬೆಂಗ್ಳೂರಿಗೆ ಹೋಗ್ಬೇಕಿತ್ತೇನ್ರೀ? ಮನೇಲಿ ದಿನಾ ಅದೇ ತಾನೇ” ಅಂದಳು ನನ್ನಾಕೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ತುರ್ಕಿಯ ಯೂಸುಫ್ ದಿಕೇಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಜೇಬಲ್ಲಿ ಕೈಯಿಟ್ಟು, ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ಚಿತ್ರ ತೋರಿಸಿದೆ. ಆತನಿಗೆ ಆಗ ಐವತ್ತೊಂದು ವರ್ಷ ಎಂದೂ ಸೇರಿಸಿದೆ. ಅವಳು ಚಿತ್ರ ನೋಡಿ, “ಇವ್ರಿಗೆ ಹೊಟ್ಟೆ ಕಮ್ಮಿ ಇದೆ” ಎಂದು ಫೋನು ವಾಪಸು ಕೊಟ್ಟಳು.

ಮೊದಲ ದಿನ ಐದು ಗುಂಡು ಹೊಡೆದೆ. ಹಾಳೆ ತರಿಸಿ ನೋಡಿದರೆ ನಾಲ್ಕೇ ತೂತು. ಪಕ್ಕದಲ್ಲಿ ನಿಂತಿದ್ದ ಹೈಸ್ಕೂಲು ಹುಡುಗಿ ತನ್ನ ಹಾಳೆಯನ್ನು ಮೂರು ಸಲ ಎಣಿಸಿ, “ಅಂಕಲ್, ನಾನು ಹೊಡ್ದಿದ್ದು ಐದು, ಇಲ್ಲಿ ಆರಿದೆ” ಅಂದಳು. ಆ ಆರನೆಯದು ಎಂಟರ ಮನೆಯಲ್ಲಿತ್ತು. ಆ ದಿನದ ನನ್ನ ಉತ್ತಮ ಹೊಡೆತ ಅದೇ. ಪಂದ್ಯದಲ್ಲಾದರೆ ಪಕ್ಕದವರ ಹಾಳೆಗೆ ಹೊಡೆದದ್ದಕ್ಕೆ ಸೊನ್ನೆ.

ಕೋಚ್ ಬೈಯಲಿಲ್ಲ. “ಸಾರ್, ನೀವು ಗುರಿ ನೋಡ್ತಿದೀರ. ಗುರಿ ನೋಡ್ಬಾರ್ದು” ಅಂದರು. ನಾನು ಕಕ್ಕಾಬಿಕ್ಕಿ. ದ್ರೋಣರು ಕೇಳಿದಾಗ ಅರ್ಜುನ ಹಕ್ಕಿಯ ಕಣ್ಣೊಂದೇ ಕಾಣುತ್ತಿದೆ ಅಂದದ್ದನ್ನು ಕೇಳಿ ಬೆಳೆದವನು ನಾನು. ಇಲ್ಲಿ ಶಾಸ್ತ್ರವೇ ಬೇರೆ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಪಿಸ್ತೂಲಿನ ಮುಂದಿನ ಮೊನೆ ಹಿಂದಿನ ಸೀಳಿನ ನಡುವೆ ಚೊಕ್ಕವಾಗಿ ಕಾಣಬೇಕು; ಕಪ್ಪು ವೃತ್ತ ಮಂಜು ಮಂಜಾಗಿದ್ದರೆ ಸಾಕು. ಮೊನೆ ಕೂದಲೆಳೆ ವಾಲಿದರೂ ಹತ್ತು ಮೀಟರಿನಾಚೆ ಗುಂಡು ಬೇರೆ ಮನೆ ಹುಡುಕಿಕೊಳ್ಳುತ್ತದೆ. ಇನ್ನು ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್: ಅದು ಅರ್ಧ ಕಿಲೋ ಒತ್ತಡಕ್ಕಿಂತ ಕಡಿಮೆಗೆ ಬಿಡುವಂತಿರಬಾರದೆಂಬ ನಿಯಮವಿದೆ. ಅದನ್ನು ಎಳೆಯಬಾರದು, ಬೆಣ್ಣೆ ಒತ್ತಿದ ಹಾಗೆ ಒತ್ತಬೇಕು.

ಆಮೇಲೆ ಅವರು ಹೇಳಿದ ಮಾತು ನನಗೆ ಎಲ್ಲಕ್ಕಿಂತ ಕಷ್ಟವಾಯಿತು: “ಸರಿಯಾಗಿ ಕೂರ್ಲಿಲ್ವಾ? ಹೊಡೀಬೇಡಿ. ಇಳಿಸಿ.” ಪಂದ್ಯದಲ್ಲಿ ಅರವತ್ತು ಗುಂಡಿಗೆ ಎಪ್ಪತ್ತೈದು ನಿಮಿಷ ಕೊಡುತ್ತಾರೆ, ಅಂದರೆ ಗುಂಡೊಂದಕ್ಕೆ ಒಂದೂಕಾಲು ನಿಮಿಷ. ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಲು ಬೇಕಾದಷ್ಟು ಹೊತ್ತು. ಆದರೆ ಎತ್ತಿದ ಮೇಲೆ ಹೊಡೆಯದೆ ಇಳಿಸುವುದೆಂದರೆ ಪಂಕ್ತಿಯಲ್ಲಿ ಕೂತು ಉಣ್ಣದೆ ಏಳುವ ಹಾಗೆ. ಅರಸೀಕೆರೆ ಮಾರುಕಟ್ಟೆಗೆ ಕೊಬ್ಬರಿ ತೆಗೆದುಕೊಂಡು ಹೋದ ನಮ್ಮಪ್ಪ, ರೇಟು ಸರಿಯಿಲ್ಲವೆಂದು ಗೊತ್ತಿದ್ದೂ, ‘ಬಂದದ್ದಾಯಿತಲ್ಲ’ ಎಂದು ಕೊಟ್ಟು ಬರುತ್ತಿದ್ದರು. ರಕ್ತ ಅದೇ ತಾನೇ.

ಬೇಲೂರಿನ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೊಬ್ಬಳಿದ್ದಾಳೆ. ಆ ಗುಡಿ 1117ರದು. ಒಂಬೈನೂರು ವರ್ಷದಿಂದ ಕೈ ಎತ್ತಿಯೇ ಇದ್ದಾಳೆ, ಬಾಣವನ್ನೂ ಬಿಟ್ಟಿಲ್ಲ. ಅವಳು ಕಲ್ಲು, ತಡೆಯುತ್ತಾಳೆ. ಮನುಷ್ಯರ ಕೈ ಕೆಲವು ಸೆಕೆಂಡಿಗೆಲ್ಲ ನಡುಗಲು ಶುರುವಾಗುತ್ತದೆ.

ವಯಸ್ಸಾಯಿತೆಂದು ಕೊರಗಿದಾಗ ಅಕ್ಕನ ಮಗ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆ ಹೇಳಿದ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ತಂದೆಯೂ ಶೂಟರ್. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಮುಖದ ನರಕ್ಕೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಐವತ್ತು ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ. ಇದನ್ನು ಕೇಳಿದ ಮೇಲೆ ನನ್ನ ಮಂಡಿನೋವಿನ ಬಗ್ಗೆ ಬಾಯಿ ಬಿಡಲಿಲ್ಲ.

ಈಗ ಇಳಿಸುವ ಅಭ್ಯಾಸ ಜಗಲಿಯಿಂದ ಮನೆಯೊಳಕ್ಕೂ ಬಂದಿದೆ. ಮೊನ್ನೆ ಭಾವಮೈದ ಆಸ್ತಿ ಮಾತು ತೆಗೆದಾಗ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಮೊನೆ ಸರಿಯಾಗಿ ಕೂರಲಿಲ್ಲ, ಇಳಿಸಿದೆ. ಕಾಫಿ ಬಂತು. ಅಜ್ಜಿಯೂ ಈಗ ಚಿಲಕ ಹಾಕಿಕೊಳ್ಳುವುದಿಲ್ಲ. “ಆ ನೀರ್ನ ಗಿಡಕ್ಕಾದ್ರೂ ಹಾಕು” ಅನ್ನುತ್ತಾರೆ.

ಕಳೆದ ಭಾನುವಾರ ಅರವತ್ತು ಗುಂಡಿಗೆ ಎಂಬತ್ತೆಂಟು ಸಲ ಕೈ ಎತ್ತಿದೆ, ಇಪ್ಪತ್ತೆಂಟು ಸಲ ಸುಮ್ಮನೆ ಇಳಿಸಿದೆ. ಬಂದ ಅಂಕ 600ಕ್ಕೆ 437. ಪಕ್ಕದ ಹಾಳೆಯಲ್ಲಿ ನನ್ನ ತೂತು ಒಂದೂ ಇರಲಿಲ್ಲ.