ಸ್ಟಾಂಪು ಕೀಳುವವರ ಮೇಲೊಂದು ತಕರಾರು ಅರ್ಜಿ

ಹಳೆಯ ಕಾಗದವೊಂದು ಕೈಗೆ ಸಿಕ್ಕಿದರೆ ನಮ್ಮ ಜನ ಮೊದಲು ಹುಡುಕುವುದು ಕತ್ತರಿಯನ್ನು. ಮೂಲೆಯ ಸ್ಟಾಂಪನ್ನು ಚೌಕವಾಗಿ ಕತ್ತರಿಸಿ, ತಟ್ಟೆಯ ನೀರಿನಲ್ಲಿ ನೆನೆಹಾಕಿ, ಅಂಟು ಬಿಡಿಸಿ, ಒಣಗಿಸಿ ಆಲ್ಬಮ್ಮಿಗೆ ಸೇರಿಸಿದರೆ ಅದು ಘನವಾದ ಹವ್ಯಾಸ. ಉಳಿದ ಕಾಗದ ಒಲೆಗೋ ರದ್ದಿಗೋ. ಈ ಘನತೆಯ ಮೇಲೆ ನನ್ನದೊಂದು ತಕರಾರಿದೆ. ಇಟ್ಟುಕೊಳ್ಳಬೇಕಾದದ್ದನ್ನು ಒಲೆಗೆ ಹಾಕಿ, ಹೋದರೂ ನಷ್ಟವಿಲ್ಲದ್ದನ್ನು ಆಲ್ಬಮ್ಮಿನಲ್ಲಿ ಕಾಪಾಡುತ್ತಿದ್ದೇವೆ ಎಂಬುದು ಅದರ ಸಾರಾಂಶ. ಸ್ಟಾಂಪು ಎಲ್ಲೋ ಲಕ್ಷಗಟ್ಟಲೆ ಅಚ್ಚಾಗಿ ಬರುವ ವಸ್ತು. ನಮ್ಮ ಬಿಳಿಕೆರೆಯಲ್ಲಿ ಕೊಂಡದ್ದಕ್ಕೂ ಭೋಪಾಲದಲ್ಲಿ ಕೊಂಡದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ. ಅದರ ಮೇಲೆ ದಬಕ್ಕನೆ ಬಿದ್ದ ಠಸ್ಸೆ ಮಾತ್ರ ಇಂಥ ಊರು, ಇಂಥ ದಿನ ಎಂದು ಸಾಕ್ಷಿ ಹೇಳುತ್ತದೆ. ಠಸ್ಸೆಯೇ ಬೀಳದ ಹೊಸ ಸ್ಟಾಂಪಿಗೆ ಹೆಚ್ಚು ಬೆಲೆ ಕಟ್ಟುವವರೂ ಇದ್ದಾರೆ. ಒಂದು ದಿನವೂ ಸಂಸಾರ ಮಾಡದ ಮದುಮಗನಿಂದ ದಾಂಪತ್ಯದ ಉಪದೇಶ ಕೇಳಿಸಿಕೊಂಡ ಹಾಗೆ ಅದು.

ಮೊದಲ ಸಾಕ್ಷಿಯನ್ನು ದೂರದಿಂದಲೇ ಕರೆಸೋಣ. ಹೊರಗಿನವರು ಹೇಳಿದರೆ ನಾವು ಬೇಗ ನಂಬುತ್ತೇವೆ. ಅಮೆರಿಕದ ಸರ್ಕಾರ ದೇಶಕ್ಕೆಲ್ಲ ಒಂದೇ ಸ್ಟಾಂಪು ತಂದದ್ದು 1847ರಲ್ಲಿ. ಅದಕ್ಕೂ ಮೊದಲು ಹಾಳೆಗೆ ಇಷ್ಟು, ದೂರಕ್ಕೆ ಇಷ್ಟು ಎಂದು ದರ ಹಾಕುವ ಕಾಲವೊಂದಿತ್ತು. ಲಕೋಟೆಯನ್ನೂ ಹಾಳೆಯೆಂದೇ ಲೆಕ್ಕ ಹಿಡಿಯುತ್ತಿದ್ದುದರಿಂದ ಜನ ಬರೆದ ಹಾಳೆಯನ್ನೇ ಮಡಿಚಿ, ಅರಗು ಒತ್ತಿ, ಬೆನ್ನ ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಖರ್ಚು ಸಾಮಾನ್ಯವಾಗಿ ಪಡೆದವನ ತಲೆಗೆ. ಸಣ್ಣ ಊರುಗಳಲ್ಲಿ ಠಸ್ಸೆಯ ಅಚ್ಚೂ ಇರದೆ, ಊರಿನ ಹೆಸರು, ತಾರೀಖು, ದರ ಎಲ್ಲವನ್ನೂ ಪೋಸ್ಟ್‌ಮಾಸ್ಟರೇ ಕೈಯಲ್ಲಿ ಬರೆಯುತ್ತಿದ್ದ. ಇಲಿನಾಯ್ ಸೀಮೆಯ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ 1833ರಿಂದ 1836ರವರೆಗೆ ಆ ಕೆಲಸದಲ್ಲಿದ್ದವನು ಅಬ್ರಹಾಂ ಲಿಂಕನ್. ಪೋಸ್ಟ್ ಆಫೀಸಿನವರ ಅಕ್ಷರ ತಿಳಿಯುವುದಿಲ್ಲವೆಂದು ಗೊಣಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಯಾರು ಮುಂದೆ ಏನಾಗುತ್ತಾರೋ ಹೇಳಬರುವುದಿಲ್ಲ. ಅಲ್ಲಿನ ಸಂಗ್ರಾಹಕರು ಈ ಸ್ಟಾಂಪಿಲ್ಲದ ಕಾಗದಗಳನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ. ಕತ್ತರಿಸಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದಲೇ ಅವು ಇಡಿಯಾಗಿ ಉಳಿದವೆಂದು ನನ್ನ ಗುಮಾನಿ.

ಎರಡನೆಯ ಸಾಕ್ಷಿ ಮೈಸೂರಿನದೇ. ಚಿಕ್ಕದೇವರಾಜ ಒಡೆಯರ ಹೆಸರಿನೊಡನೆ, 1672ರಲ್ಲಿ, ಆರಂಭವಾಯಿತೆನ್ನುವ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾದದ್ದು 1889ರಲ್ಲಿ. ಇನ್ನೂರು ವರ್ಷಕ್ಕೂ ಹೆಚ್ಚಿನ ಬಾಳು. ಅಂಚೆಯವರಿಗೆ ಕಾಗದ ಮುಟ್ಟಿಸುವುದಲ್ಲದೆ, ಊರೂರಿನ ಗುಟ್ಟನ್ನು ಅರಮನೆಗೆ ಮುಟ್ಟಿಸುವ ಕೆಲಸವೂ ಇತ್ತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಆ ಎರಡನೆಯ ಕೆಲಸವನ್ನು ಈಗ ಹೋಟೆಲಿನ ಬೆಂಚುಗಳು ಸಂಬಳವಿಲ್ಲದೆ ನಡೆಸಿಕೊಂಡು ಹೋಗುತ್ತಿವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಅಂಚೆ ಇನ್ನಷ್ಟು ಹರಡಿತು. ಇಷ್ಟಾಗಿಯೂ ಸ್ಟಾಂಪಿನ ಕ್ಯಾಟಲಾಗು ತೆರೆದು ನೋಡಿ: ತಿರುವಾಂಕೂರಿಗೆ ಪುಟಗಳಿವೆ, ಕೊಚ್ಚಿಗಿವೆ, ಹೈದರಾಬಾದಿಗಿವೆ; ಮೈಸೂರಿಗಿಲ್ಲ. ಏಕೆಂದರೆ ಮೈಸೂರು ಅಂಚೆ ಸ್ಟಾಂಪನ್ನು ಹೊರಡಿಸಲೇ ಇಲ್ಲ. ಸ್ಟಾಂಪೇ ಸರ್ವಸ್ವ ಎನ್ನುವವನ ಪಾಲಿಗೆ ಎರಡು ಶತಮಾನ ಹೆಗಲ ಮೇಲೆ ಚೀಲ ಹೊತ್ತು ಓಡಿದ ಹರಿಕಾರರು ಹುಟ್ಟಿಯೇ ಇಲ್ಲ. ಸರ್ಕಾರಿ ದಫ್ತರಗಳನ್ನು ಬಿಟ್ಟರೆ ಅವರ ಓಟಕ್ಕೆ ರಸೀದಿ ಉಳಿದಿರುವುದು ಮೊಹರು ಬಿದ್ದ ಕಾಗದಗಳಲ್ಲಿ.

ಇನ್ನು ನಮ್ಮ ಮಗ್ಗುಲಿಗೇ ಬರೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿಗೆ ಹೋಗುವ ದಾರಿಯಿಂದ ಕೆ.ಆರ್. ನಗರ, ಹೊಳೆನರಸೀಪುರ, ಹಾಸನದ ದಾರಿ ಕವಲೊಡೆಯುವುದು ಬಿಳಿಕೆರೆಯಲ್ಲಿ. ಈ ಎರಡು ದಾರಿಗಳ ಹಳೆಯ ಕಾಗದಗಳನ್ನು ಹರಡಿಕೊಂಡು ಕುಳಿತರೆ ನಕಾಶೆಯೇ ಬೇರೆ. ಮಡಿಕೇರಿ ಇಂಗ್ಲಿಷಿನಲ್ಲಿ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ. ಕೆ.ಆರ್. ನಗರವನ್ನಂತೂ 1920ಕ್ಕೆ ಹಿಂದಿನ ಕಾಗದದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಎಡತೊರೆ ಸಿಗುತ್ತದೆ. 1924ರ ಕಾವೇರಿ ಪ್ರವಾಹ ಎಡತೊರೆಯನ್ನು ಮುಳುಗಿಸಿದ ಮೇಲೆ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಆ ಕಥೆ ಠಸ್ಸೆಯಲ್ಲಿದೆ. ಸ್ಟಾಂಪಿನಲ್ಲಿರುವುದು ಐದನೇ ಜಾರ್ಜ್ ದೊರೆಯ ಗಡ್ಡ. ಅದಕ್ಕೂ ಎಡತೊರೆಯ ನೀರಿಗೂ ಯಾವ ಸಂಬಂಧವೂ ಇಲ್ಲ.

ಕಾಗದದ ನಟ್ಟನಡುವಿನ ತೂತಿನ ಬಗ್ಗೆಯೂ ಒಂದು ಮಾತು. ಬಂದ ಕಾಗದವನ್ನು ಓದಿ, ಗೋಡೆಗೆ ನೇತುಹಾಕಿದ ಕೊಕ್ಕೆತಂತಿಗೆ ಚುಚ್ಚುವುದು ನಮ್ಮ ಮನೆಗಳ ರೂಢಿಯಾಗಿತ್ತು. ಹಳೆಯದು ತಳಕ್ಕೆ, ಹೊಸದು ಮೇಲಕ್ಕೆ, ಪ್ರತಿಯೊಂದರ ತೂತಿನ ಸುತ್ತ ತುಕ್ಕಿನದೊಂದು ಕಂದು ಉಂಗುರ. ತೂತು ಬಿದ್ದ ಕಾಗದವೆಂದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಅದಕ್ಕೇ ನಾಲ್ಕು ಕಾಸು ಹೆಚ್ಚು ಕೊಡಬೇಕು. ಠಸ್ಸೆ ಸರ್ಕಾರದ ರುಜುವಾದರೆ ತೂತು ಮನೆಯವರ ರುಜು. ಆದರೆ ತಂತಿಯನ್ನು ಪೂರ್ತಿ ನಂಬುವಂತಿಲ್ಲ. ಮೂಲೆಗೆ ಅರಿಸಿನ ಹಚ್ಚಿದ ಮದುವೆಯ ಕಾಗದಗಳು ತಂತಿಗೇರುತ್ತಿದ್ದವು, ಸಾವಿನ ಸುದ್ದಿಯದನ್ನು ಓದಿದ ತಕ್ಷಣ ಹರಿದುಹಾಕುತ್ತಿದ್ದರು. ತಂತಿಯ ಮಾತು ಕೇಳಿದರೆ ಈ ಸೀಮೆಯಲ್ಲಿ ಮದುವೆಯಾದವರೆಷ್ಟೋ ಜನ, ಸತ್ತವರು ಒಬ್ಬರೂ ಇಲ್ಲ.

ಎದುರು ಪಕ್ಷದವರು ಸುಮ್ಮನಿರುವುದಿಲ್ಲ. ಇನ್ನೊಬ್ಬರ ಕಾಗದ ಓದುವುದು ಮರ್ಯಾದೆಯೇ ಎನ್ನುತ್ತಾರೆ. ಬದುಕಿರುವವರದನ್ನು ಓದಬಾರದು, ಒಪ್ಪಿದೆ. ಆದರೆ ಠಸ್ಸೆಯ ಹುಚ್ಚಿನವನಿಗೆ ಬೇಕಾದದ್ದು ಹೊರಮೈ. ಒಳಗಿರುವುದು ಬಹುಪಾಲು ಉಭಯ ಕುಶಲೋಪರಿ, ಆಮೇಲೆ ಮಳೆಯ ಸಮಾಚಾರ, ಕೊನೆಗೆ ಹಣ ಕಳಿಸುವ ವಿಷಯ, ಓದದೆಯೇ ಹೇಳಬಹುದು. ಅಲ್ಲದೆ ಓದು ಬಾರದ ಮನೆಗಳಲ್ಲಿ ಪೋಸ್ಟ್‌ಮ್ಯಾನೇ ಜಗುಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಿದ್ದ ನಾಡಿನಲ್ಲಿ ಗುಟ್ಟಿನ ಮಾತು ಸ್ವಲ್ಪ ಹೆಚ್ಚಾಯಿತು.

ಠಸ್ಸೆ ಓದಲು ಬಂದರೆ ತಾನೇ ಎಂಬುದು ಇನ್ನೊಂದು ಆಕ್ಷೇಪಣೆ. ನಿಜ, ಒಣಗಿದ ಪ್ಯಾಡಿನ ಮೇಲೆ ಒತ್ತಿ, ಅವಸರದಲ್ಲಿ ಓರೆಯಾಗಿ ಹೊಡೆದದ್ದು ಒಮ್ಮೊಮ್ಮೆ ಮಸಿಯ ಕಲೆಯಷ್ಟೇ. ಆದರೆ ಇಡೀ ಕಾಗದವಿದ್ದರೆ ಹಿಂಬದಿಯಲ್ಲಿ ತಲುಪಿದೂರಿನ ಠಸ್ಸೆಯೂ ಇರಬಹುದು, ವಿಳಾಸವಿದೆ, ಒಳಗೆ ಬರೆದವರ ತಾರೀಖಿದೆ. ಒಂದು ಬಾಯಿ ಮುಚ್ಚಿದರೆ ಇನ್ನೊಂದು ಮಾತಾಡುತ್ತದೆ. ಕತ್ತರಿಸಿದ ಚೌಕದಲ್ಲಿ ಉಳಿಯುವುದು ಠಸ್ಸೆಯ ಕಾಲು ಭಾಗ. ಅದರಲ್ಲಿ 'ಸೂರು' ಎಂಬಷ್ಟೇ ಕಂಡರೆ ಹುಣಸೂರೋ ಮೈಸೂರೋ ಹೇಳುವವರಾರು?

ಎಲ್ಲ ಸರಿ, ಈ ಮೊಬೈಲಿನ ಕಾಲದಲ್ಲಿ ಏನು ಪ್ರಯೋಜನ ಎನ್ನುವುದು ಕೊನೆಯ ವಾದ. ಈ ಕಾಲವಾದ್ದರಿಂದಲೇ ಪ್ರಯೋಜನ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಕರಗಿತು. ಈಗಿನ ಲಕೋಟೆಯ ಮೇಲೆ ಬಾರ್‌ಕೋಡಿನ ಗೆರೆಗಳಿರುತ್ತವೆ, ಅವು ಮನುಷ್ಯರೊಡನೆ ಮಾತಾಡುವುದಿಲ್ಲ. ಹೊಸ ಸಾಕ್ಷಿಗಳು ಹುಟ್ಟುವುದು ಕಡಿಮೆಯಾದಾಗ ಹಳೆಯವನ್ನು ಕೊಲ್ಲದಿರುವುದು ಜಾಣತನ. ದುಬಾರಿ ಹವ್ಯಾಸವೆಂದು ಹೆದರುವವರು ಐವತ್ತು ಪೈಸೆಯ ಕಾರ್ಡೊಂದನ್ನು ತಮಗೆ ತಾವೇ ಬರೆದುಕೊಂಡು, ಠಸ್ಸೆ ಸ್ಫುಟವಾಗಿ ಹೊಡೆಯಿರೆಂದು ಕೇಳಿಕೊಳ್ಳಲಿ. ಅಷ್ಟು ಅಗ್ಗಕ್ಕೆ ಇತಿಹಾಸದೊಳಗೆ ನುಗ್ಗುವ ದಾರಿ ಬೇರೆ ಇಲ್ಲ. ಇನ್ನು ಅಟ್ಟದ ಟ್ರಂಕಿನಲ್ಲಿ ಅಜ್ಜನ ಕಾಗದಗಳಿವೆಯಂತೆ ಎಂದು ಕೇಳಿಕೊಂಡು ಆಲ್ಬಮ್ಮು ಹಿಡಿದು ಯಾರಾದರೂ ಮನೆಗೆ ಬಂದರೆ ಕೂರಿಸಿ, ಕಾಫಿ ಕೊಡಿ, ಬೇಕಾದರೆ ಊಟವನ್ನೂ ಹಾಕಿ. ಕತ್ತರಿಯನ್ನು ಮಾತ್ರ ಮೊದಲೇ ಬಚ್ಚಿಟ್ಟಿರಿ.